ದ್ವೀಪಕ್ಕೆ ಬರಲು ಒಳ್ಳೆಯ ಕಾಲ

ಆಗಸ್ಟ್ 3

ಅಮ್ಮ,

‘ನಾನು ಇಲ್ಲಿ ಕ್ಷೇಮ, ನೀವೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ’ ಎಂದು ಶುರು ಮಾಡುವುದಿಲ್ಲ. ಹಾಸ್ಟೆಲ್ ಶಾಲೆಯಲ್ಲಿ ಭಾನುವಾರ ಬಂದರೆ ಮೇಡಂ ಅದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಾವೆಲ್ಲ ಕಾಪಿ ಮಾಡಿ ನಮ್ಮ ನಮ್ಮ ಮನೆಗೆ ಕಳಿಸುತ್ತಿದ್ದೆವು. ಜ್ವರ ಬಂದು ಮಲಗಿದ್ದ ವಾರವೂ ನಾನು ಕ್ಷೇಮವೇ. ಈಗ ಕಾಲೇಜು, ಬೋರ್ಡಿಲ್ಲ. ಏನು ಬರೆಯಬೇಕೆಂದು ತಿಳಿಯದೆ ಎಷ್ಟೋ ಹಾಳೆ ಹರಿದು ಹಾಕಿದ್ದೇನೆ.

ಫೋನಿನಲ್ಲಿ ಮಾತಾಡಿದರೆ ನಮ್ಮದು ಜಗಳಕ್ಕೇ ಬಂದು ನಿಲ್ಲುತ್ತದೆ. ಮೊನ್ನೆ ನೀನೇ ಕಟ್ ಮಾಡಿದೆ. ದ್ವೀಪದಲ್ಲಿ ಸಿಗ್ನಲ್ ಸರಿಯಿಲ್ಲ ಎನ್ನಬೇಡ, ಕಟ್ ಆಗುವ ಮೊದಲು ನೀನು ‘ಥೂ’ ಅಂದದ್ದು ಚೆನ್ನಾಗಿ ಕೇಳಿಸಿತು. ಅದಕ್ಕೇ ಪತ್ರ. ಇದನ್ನು ಅರ್ಧಕ್ಕೆ ಕಟ್ ಮಾಡಲು ಆಗುವುದಿಲ್ಲ, ಹರಿದು ಹಾಕಬಹುದು ಅಷ್ಟೆ.

ನನ್ನ ರೂಮ್‌ಮೇಟನ್ನು ಎಲ್ಲರೂ ಜಿರಾಫೆ ಎನ್ನುತ್ತಾರೆ, ಅವಳ ಕಾಲು ಮಂಚದಿಂದ ಆಚೆಗೇ ಇರುತ್ತದೆ. ನೀನು ದ್ವೀಪದಲ್ಲಿ ಗೆಸ್ಟ್ ಹೌಸ್ ನಡೆಸುತ್ತೀಯ ಎಂದು ಅವಳಿಗೆ ಹೇಗೋ ಗೊತ್ತಾಯಿತು. “ಅಯ್ಯೋ ಇವಳೇ, ಅಂಥ ಅಮ್ಮನ್ನ ಇಟ್ಕೊಂಡು ಇಲ್ಲಿ ಮೆಸ್ಸಿನ ಅನ್ನ ಅಗೀತಿದ್ದೀಯಲ್ಲೇ. ಅಲ್ಲಿಗೆ ಹೋಗೋಕೆ ಬೆಸ್ಟ್ ಸೀಸನ್ ಯಾವುದು, ಹೇಳು” ಎಂದಳು. ನನ್ನ ಮನೆಗೆ ಯಾವಾಗ ಹೋದರೆ ಚೆನ್ನ ಎಂದು ನನಗೇ ಗೊತ್ತಿಲ್ಲ. ನಾನು ಕಂಡದ್ದು ಜೂನ್ ಒಂದನ್ನೇ. ಮುಚ್ಚಿದ ಕಿಟಕಿಗಳು, ಮೇಜಿನ ಮೇಲೆ ತಲೆಕೆಳಗಾಗಿ ಏರಿಸಿದ ಕುರ್ಚಿಗಳು, ಸೋರುವಲ್ಲೆಲ್ಲ ಬಕೀಟು, ಒಣಗದ ಟವಲ್ಲಿನ ವಾಸನೆ. “ಎಲ್ಲಾ ಸೀಸನ್ನೂ ಚೆನ್ನಾಗೇ ಇರುತ್ತೆ” ಎಂದುಬಿಟ್ಟೆ. ಅವಳು ನಂಬಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಡಿಸೆಂಬರ್ ಮಧ್ಯದಲ್ಲಿ ಸೆಮಿಸ್ಟರ್ ಮುಗಿಯುತ್ತದೆ, ಹಾಸ್ಟೆಲಿಗೆ ಬೀಗ ಹಾಕುತ್ತಾರೆ. ಇಷ್ಟು ವರ್ಷ ಡಿಸೆಂಬರ್ ರಜೆಗೆ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೆ. ಈ ಸಲ ಅಲ್ಲಿ ದೊಡ್ಡಮ್ಮನ ಮಗ ಅಣ್ಣನಿಗೆ ಮಗುವಾಗಿದೆ, ನಾನು ಮಲಗುತ್ತಿದ್ದ ಜಾಗದಲ್ಲಿ ತೊಟ್ಟಿಲು ಬಂದಿದೆ. “ನಿಂಗೇನೂ ಬೇಜಾರಿಲ್ಲ ತಾನೆ ಪುಟ್ಟಿ?” ಎಂದು ದೊಡ್ಡಮ್ಮ ಕೇಳಿದರು. ಇಲ್ಲ ಎಂದೆ. ಹಾಗಾಗಿ ನಿನ್ನ ಹತ್ತಿರ ಬರುತ್ತೇನೆ. ಕೊನೆಯಲ್ಲಿ ಪ್ಲೀಸ್ ಎಂದು ಬರೆದು ಹೊಡೆದು ಹಾಕಿದ್ದೇನೆ. ಕಾಣಿಸಿದರೆ ಓದಬೇಡ.

ನಿನ್ನ ಮಗಳು


ಆಗಸ್ಟ್ 19

ಮಗಳೇ,

ಪತ್ರ ಬಂತು. ನಿನ್ನ ಅಕ್ಷರ ಹಾಳಾಗಿದೆ, ಕಾಲೇಜಿನಲ್ಲಿ ಬರೆಸುವುದಿಲ್ಲವೇ.

ಡಿಸೆಂಬರಿನಲ್ಲಿ ಇಲ್ಲಿ ಏನಿದೆ ಎಂದು ಬರುತ್ತೀಯ? ಜನವೋ ಜನ. ಟ್ಯಾಂಕಿನ ನೀರು ಮಧ್ಯಾಹ್ನಕ್ಕೇ ಖಾಲಿ. ಆ ತಿಂಗಳಲ್ಲಿ ಕಡಲು ಜೆಲ್ಲಿ ಮೀನುಗಳಿಂದ ತುಂಬಿರುವುದರಿಂದ ನೀರಿಗಿಳಿಯುವುದು ಕ್ಷೇಮವಲ್ಲ. ಬಿಸಿಲಂತೂ ಹೇಳುವ ಹಾಗಿಲ್ಲ. ದ್ವೀಪಕ್ಕೆ ಬರಲು ಒಳ್ಳೆಯ ಕಾಲವೆಂದರೆ ಜೂನ್. ಮರಗಿಡವೆಲ್ಲ ತೊಳೆದಿಟ್ಟ ಹಾಗಿರುತ್ತದೆ, ಗದ್ದಲವಿಲ್ಲ, ಓದಿಕೊಳ್ಳಬಹುದು. ಜೂನ್‌ನಲ್ಲಿ ಬಾ. ಡಿಸೆಂಬರಿಗೆ ಅಕ್ಕನ ಹತ್ತಿರ ನಾನು ಮಾತಾಡುತ್ತೇನೆ. ತೊಟ್ಟಿಲು ಎಷ್ಟು ಜಾಗ ಹಿಡಿಯುತ್ತದೆ, ಪಕ್ಕದಲ್ಲಿ ಚಾಪೆ ಹಾಸಿಕೊಂಡರಾಯಿತು.

ನಿನ್ನ ಸ್ನೇಹಿತೆಗೂ ಜೂನ್ ಎಂದೇ ಹೇಳು.

ಅಮ್ಮ


ಸೆಪ್ಟೆಂಬರ್ 2

ಅಮ್ಮ,

ಜೆಲ್ಲಿ ಮೀನಿನ ಆ ಸಾಲು ನನ್ನದು.

ಮರೆತಿರಬೇಕು ನೀನು. ನನಗೆ ಹತ್ತು ವರ್ಷ, ಹೊರಗೆ ಮಳೆ ಹಿಡಿದಿತ್ತು. ಲಾಂಚಿನಲ್ಲಿ ಬಂದ, ಕೋಣೆ ವಿಚಾರಿಸುವ ಪತ್ರಗಳ ಕಟ್ಟು ಮುಂದಿಟ್ಟುಕೊಂಡು ಕೂತಿದ್ದೆ ನೀನು. ನನ್ನ ಅಕ್ಷರ ಚೆನ್ನಾಗಿದೆ ಎಂದು ಉತ್ತರಗಳನ್ನು ನನ್ನಿಂದ ಬರೆಸುತ್ತಿದ್ದೆ. ಗೋಡೆಗೆ ಉಗಿದು ಹೋಗಿದ್ದ ಒಬ್ಬ ಮತ್ತೆ ಡಿಸೆಂಬರಿಗೆ ಕೋಣೆ ಕೇಳಿದ್ದ. “ಬರಬೇಡಿ ಅಂತ ಬರೀಲಾ?” ಎಂದೆ. “ಛೆ, ಹಾಗೆಲ್ಲ ಬರೀಬಾರದು ಕಣೇ. ಗಿರಾಕಿಗೆ ಯಾವತ್ತೂ ಬೇಡ ಅನ್ನಬಾರದು, ಕಾಲ ಸರಿಯಿಲ್ಲ ಅನ್ನಬೇಕು. ಅವನಿಗೂ ಅವಮಾನ ಇಲ್ಲ, ನಮಗೂ ಪಾಪ ಇಲ್ಲ” ಎಂದೆ ನೀನು. ಏನು ಬರೆಯೋಣ ಎಂದು ಯೋಚಿಸಿದೆವು. ನಾನು ಶಾಲೆಯ ಪುಸ್ತಕದಲ್ಲಿ ಜೆಲ್ಲಿ ಮೀನಿನ ಪಾಠ ಓದಿದ್ದೆ. ‘ತುಂಬಿರುವುದರಿಂದ’ ಎಂಬ ಪದಕ್ಕೆ ನೀನು ನನ್ನ ಬೆನ್ನು ತಟ್ಟಿದೆ. ಅದೇ ಮಧ್ಯಾಹ್ನ, ಪ್ರತಿ ವರ್ಷ ಬರುವ ಆ ಮುದುಕ ದಂಪತಿಗೆ ‘ಡಿಸೆಂಬರಿನಲ್ಲಿ ಕಡಲು ಗಾಜಿನಂತಿರುತ್ತದೆ, ಅವಶ್ಯ ಬನ್ನಿ’ ಎಂದೂ ನಾನೇ ಬರೆದೆ. ಅದೇ ಡಿಸೆಂಬರ್, ಅದೇ ಕಡಲು.

ಒಳ್ಳೆಯ ಗಿರಾಕಿಗೆ ಗಾಜು, ಉಗುಳುವವನಿಗೆ ಜೆಲ್ಲಿ ಮೀನು. ನನಗೆ ಯಾವುದು ಬಂತು ನೋಡು.

ಪತ್ರವನ್ನು ಜಿರಾಫೆಗೆ ತೋರಿಸಲಿಲ್ಲ. ಅಮ್ಮ ಏನಂದರು ಎಂದು ಕೇಳಿದಳು. ಅಲ್ಲಿ ಈಗ ರಿಪೇರಿ ನಡೆಯುತ್ತಿದೆ ಎಂದೆ. ನೋಡು, ನಿನ್ನ ವಿದ್ಯೆ ನನಗೂ ಬರುತ್ತದೆ.

ಚಾಪೆ ವಿಷಯ ದೊಡ್ಡಮ್ಮನ ಹತ್ತಿರ ಮಾತಾಡಬೇಡ. ಕೈಮುಗಿದು ಕೇಳುತ್ತೇನೆ.

ಮಗಳು


ಸೆಪ್ಟೆಂಬರ್ 14

ಜೆಲ್ಲಿ ಮೀನು ನಿಜವಾಗಿಯೂ ಇವೆ. ಬೇಕಾದರೆ ಲಾಂಚಿನವನನ್ನು ಕೇಳು.

ಹತ್ತು ವರ್ಷದವಳ ಬಾಯಿಗೆ ಬಂದದ್ದನ್ನೆಲ್ಲ ನೆನಪಿಟ್ಟುಕೊಂಡು ಹದಿನೆಂಟಕ್ಕೆ ಅಮ್ಮನ ಮುಖಕ್ಕೆ ಎಸೆಯಲು ಕಾಲೇಜಿಗೆ ಕಳಿಸಬೇಕಾಗಿತ್ತೇ? ನೀನು ಓದಿದ ಒಂದೊಂದು ತರಗತಿಯೂ ಒಂದೊಂದು ಡಿಸೆಂಬರಿನಿಂದ ಬಂದದ್ದು. ಆ ಡಿಸೆಂಬರನ್ನು ನಾನು ಹೇಗೆ ನಡೆಸುತ್ತೇನೆ ಎಂದು ನೀನು ನನಗೆ ಹೇಳಿಕೊಡಬೇಡ. ಈಗಲೇ ಕೋಣೆಗಳಿಗೆ ಸುಣ್ಣ ಹೊಡೆಸುತ್ತಿದ್ದೇನೆ, ಏಣಿಯ ಮೇಲೆ ನಿಂತು ನಿನ್ನ ಪತ್ರ ಓದಿದೆ. ಬೀಳದಿದ್ದದ್ದು ನನ್ನ ಪುಣ್ಯ.

ಪರೀಕ್ಷೆ ಮುಗಿಯುವ ತನಕ ಬರೆಯಬೇಡ.

ಅಮ್ಮ


ಅಕ್ಟೋಬರ್ 1

ಗೆಸ್ಟ್ ಹೌಸಿನ ಮಾಲೀಕರಿಗೆ,

ಮಾನ್ಯರೇ,

ತಮ್ಮ ದ್ವೀಪದ ಸೌಂದರ್ಯದ ಬಗ್ಗೆ ಬಹಳ ಕೇಳಿದ್ದೇನೆ. ಡಿಸೆಂಬರ್ ಹದಿನೈದರಿಂದ ತಿಂಗಳ ಕೊನೆಯವರೆಗೆ ತಮ್ಮಲ್ಲಿ ಒಂದು ಕೋಣೆ ದೊರೆಯುವುದೇ? ಬರುವವಳು ಒಬ್ಬಳೇ. ಗೋಡೆಗೆ ಉಗುಳುವ ಅಭ್ಯಾಸವಿಲ್ಲ. ರೇಡಿಯೋ ಜೋರಾಗಿ ಹಾಕುವುದಿಲ್ಲ. ಪಕ್ಕದ ಬೀದಿಯ ಮಗುವಿಗೆ ಗಣಿತ ಹೇಳಿಕೊಡುತ್ತಿರುವುದರಿಂದ ಬಾಡಿಗೆಯನ್ನು ಮುಂಗಡವಾಗಿಯೇ ಕೊಡಬಲ್ಲೆ. ಸಮುದ್ರ ಕಾಣುವ ಕೋಣೆಯೇ ಆಗಬೇಕೆಂದಿಲ್ಲ. ಅಡುಗೆಮನೆಯ ಕಡೆಗೆ ಕಿಟಕಿ ಇದ್ದರೆ ಸಾಕು.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,
ವಿಚಾರಿಸುವವಳು


ಅಕ್ಟೋಬರ್ 11

ಮಾನ್ಯರೇ,

ತಮ್ಮ ಪತ್ರ ತಲುಪಿತು. ವಿಷಾದದಿಂದ ತಿಳಿಸುವುದೇನೆಂದರೆ, ತಾವು ಕೇಳಿದ ದಿನಗಳಲ್ಲಿ ಎಲ್ಲ ಕೋಣೆಗಳೂ ಭರ್ತಿಯಾಗಿವೆ. ಅಡುಗೆಮನೆಯ ಕಡೆಗೆ ಕಿಟಕಿಯಿರುವ ಕೋಣೆ ನಮ್ಮಲ್ಲಿ ಇಲ್ಲ.

ಲಾಂಚಿನವನೇ ನಿನ್ನ ಪತ್ರ ಒಡೆದು ಜೋರಾಗಿ ಓದಿದ, ನನ್ನ ಕೈ ಸಾಬೂನಿನಲ್ಲಿತ್ತು. “ಅಕ್ಕಾ, ಯಾರೋ ಭಾರಿ ಮರ್ಯಾದಸ್ಥರು, ಉಗುಳಲ್ವಂತೆ” ಎಂದು ನಕ್ಕ. ಯಾರು ಎಂದು ನಾನು ಹೇಳಲಿಲ್ಲ. ಒಳಗೆ ಹೋಗಿ ಕೈ ತೊಳೆದುಕೊಂಡೆ. ಹೀಗೆ ಇನ್ನೊಂದು ಸಲ ಬರೆದರೆ ನಾನು ಒಡೆಯದೇ ವಾಪಸು ಕಳಿಸುತ್ತೇನೆ.

ಅಮ್ಮ


ಅಕ್ಟೋಬರ್ 24

ಅಮ್ಮ,

ಇದನ್ನು ಲಾಂಚಿನವರ ಕೈಗೆ ಕೊಡಬೇಡ.

ನಾನು ಒಂದು ಡಿಸೆಂಬರನ್ನು ನೋಡಿದ್ದೇನೆ. ಜೂನ್ ಮಾತ್ರ ಎಂದು ಬರೆದದ್ದು ಸುಳ್ಳು. ನನಗೆ ಆರೋ ಏಳೋ ವರ್ಷ. ಅಂಗಳದಲ್ಲಿ ಮೇಜುಗಳನ್ನು ಹಾಕಿದ್ದೆವು, ಬಿಸಿಲಿತ್ತು, ಜನ ನಗುತ್ತಿದ್ದರು. ನಾನು ನೀರಿನ ಲೋಟಗಳನ್ನು ಮೇಜಿಂದ ಮೇಜಿಗೆ ಕೊಂಡೊಯ್ಯುತ್ತಿದ್ದೆ. ದೊಡ್ಡ ಟೋಪಿಯ ಒಬ್ಬ ಹೆಂಗಸು “ಏ ಹುಡುಗಿ” ಎಂದರೆ ಓಡುತ್ತಿದ್ದೆ. “ಏ ಹುಡುಗಿ, ಉಪ್ಪು.” ಓಡಿದೆ. “ಏ ಹುಡುಗಿ, ಇನ್ನೊಂದು ಚಮಚ.” ಓಡಿದೆ. ಅಷ್ಟು ಖುಷಿ ನನಗೆ ಆಮೇಲೆ ಯಾವತ್ತೂ ಆಗಿಲ್ಲ. ಆಮೇಲೆ ಒಂದು ತಟ್ಟೆ ನನ್ನ ಕೈಯಿಂದ ಬಿದ್ದು ಒಡೆಯಿತು. ಹೂವಿನ ಅಂಚಿನ ತಟ್ಟೆ. ನೀನು ಬೈಯಲಿಲ್ಲ. ಒಂದು ವಾರದೊಳಗೆ ನನ್ನ ಟ್ರಂಕು ಕಟ್ಟಿದೆ. ಹಾಸ್ಟೆಲಿನ ಗೇಟಿನಲ್ಲಿ ಬಿಟ್ಟು, ಹಿಂದೆ ತಿರುಗದೆ ಹೋದೆ.

ತಟ್ಟೆ ಒಡೆದದ್ದಕ್ಕೇ ಕಳಿಸಿದೆ ಎಂದುಕೊಂಡಿದ್ದೆ. ಇದು ಸಿಲ್ಲಿ ಎಂದು ಈಗ ಗೊತ್ತು. ಆದರೂ ಇವತ್ತಿಗೂ ಮೆಸ್ಸಿನಲ್ಲಿ ನಾನು ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದೇ ನಡೆಯುವುದು, ಖಾಲಿ ತಟ್ಟೆಯನ್ನೂ. ಜಿರಾಫೆ “ಏನೇ, ಬಾಂಬಾ ಅದು?” ಎಂದು ಗೇಲಿ ಮಾಡುತ್ತಾಳೆ. ಪರೀಕ್ಷೆಗೆ ಓದಲು ಕೂತರೆ ಅಕ್ಷರ ತಲೆಗೆ ಹೋಗುತ್ತಿಲ್ಲ. ಡಿಸೆಂಬರ್ ಮಧ್ಯಕ್ಕೆ ನಾನು ಎಲ್ಲಿರುತ್ತೇನೆ ಎಂಬುದೇ ತಲೆಯಲ್ಲಿ ಸುತ್ತುತ್ತಿದೆ. ವಾರ್ಡನ್ ಪ್ರತಿ ಹುಡುಗಿಯನ್ನೂ ಕೇಳುತ್ತಿದ್ದಾರೆ, “ನೀನು ಎಲ್ಲಿಗಮ್ಮಾ?” ನನ್ನ ಸರದಿ ಬಂದಾಗ ಬಾತ್‌ರೂಮಿಗೆ ಹೋಗಿಬಿಡುತ್ತೇನೆ.

ತಟ್ಟೆಗೇನಾ ಅಮ್ಮ? ಹೌದು ಅಥವಾ ಇಲ್ಲ, ಒಂದು ಪದ ಬರಿ ಸಾಕು.

ಮಗಳು


ನವೆಂಬರ್ 6

ಮಗಳೇ,

ಯಾವ ತಟ್ಟೆ?

ತಟ್ಟೆಗಳು ಪ್ರತಿ ಡಿಸೆಂಬರೂ ಒಡೆಯುತ್ತವೆ. ಒಡೆದ ತಟ್ಟೆಗೆ ಮಗಳನ್ನು ಮನೆಯಿಂದ ಕಳಿಸುವ ಹೆಂಗಸು ನಾನು ಎಂದು ಇಷ್ಟು ವರ್ಷ ನಂಬಿಕೊಂಡು ಕೂತೆಯಲ್ಲ, ನಿನ್ನ ಬುದ್ಧಿಗೆ ಏನು ಹೇಳಲಿ.

ಟೋಪಿಯವಳು ನನಗೂ ನೆನಪಿದ್ದಾಳೆ. ನಾನು ಅವಳಿಗೆ ಟೀ ಬಗ್ಗಿಸುತ್ತಿದ್ದೆ. “ಈ ಹುಡುಗಿ ಚುರುಕಾಗಿದ್ದಾಳೆ, ನಮ್ಮ ಮನೆ ಕೆಲಸಕ್ಕೆ ಕಳಿಸ್ತೀಯಾ? ಊಟ ಬಟ್ಟೆ ನಮ್ಮದೇ” ಎಂದಳು. ಅವಳು ನನ್ನ ಮಗಳು ಎಂದೆ. “ಅದಕ್ಕೇನಂತೆ, ನಿನ್ನ ಮಗಳಾದ್ರೆ ಕೆಲಸ ಹೇಳಿಕೊಡೋ ತಾಪತ್ರಯವೇ ಇಲ್ಲ” ಎಂದಳು. ಅವಳು ಕೆಟ್ಟವಳೇನಲ್ಲ, ನಗುತ್ತಲೇ ಹೇಳಿದಳು. ಅದೂ ಹೋಗಲಿ. ನೀನು ನನ್ನ ಬೆನ್ನ ಹಿಂದೆ ಉಪ್ಪಿನ ಡಬ್ಬಿ ಹಿಡಿದು ನಿಂತಿದ್ದೆ. “ನಾನು ಬರ್ತೀನಿ ಆಂಟಿ” ಎಂದೆ. ಕಣ್ಣು ಮಿಂಚುತ್ತಿತ್ತು ನಿನಗೆ. ಕಳಿಸಿದ್ದರೆ ಹೋಗುತ್ತಿದ್ದೆ. ಕರೆದಲ್ಲಿಗೆ ಓಡುವುದು ನಿನ್ನ ಮೈಗೆ ಹತ್ತಿಬಿಟ್ಟಿತ್ತು.

ನಿಮ್ಮಪ್ಪ ತೀರಿಹೋದ ವರ್ಷ ಈ ಮನೆಗೆ ಗೆಸ್ಟ್ ಹೌಸ್ ಎಂದು ಬೋರ್ಡು ಹಾಕಿದವಳು ನಾನು. ಗಿರಾಕಿಗಳು ಕೋಣೆಯಿಂದಲೇ ಹಗ್ಗ ಎಳೆದು ಕರೆಯಲೆಂದು ಅಡುಗೆಮನೆಯ ಬಾಗಿಲಿಗೆ ಗಂಟೆ ಕಟ್ಟಿದವಳೂ ನಾನೇ. ಅದು ಬಡಿದರೆ ನಾನು ಓಡಬೇಕು, ಅದು ನನ್ನ ಕೆಲಸ. ನೀನು ಓಡಬಾರದು. ನಾನು ಓಡುವುದನ್ನು ನೀನು ನೋಡಲೂಬಾರದು. ಅದಕ್ಕೇ ಹಾಸ್ಟೆಲ್, ಅದಕ್ಕೇ ಜೂನ್. ತಪ್ಪಾಯಿತು ಎಂದು ಬರೆಯಲು ಪೆನ್ನು ಹಿಡಿದಿಲ್ಲ. ಇವತ್ತು ಅವಳು ಬಂದು ಕೇಳಿದರೂ ಅದನ್ನೇ ಮಾಡುತ್ತೇನೆ.

ಒಂದು ಪದ ಕೇಳಿದ್ದೆ, ಹಾಳೆ ತುಂಬಿತು. ಓದಿಕೋ. ಪರೀಕ್ಷೆ ಪಾಠವನ್ನು.

ಅಮ್ಮ


ನವೆಂಬರ್ 18

ಅಮ್ಮ,

ಇದು ಅನ್‌ಫೇರ್. ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರೋ, ನಿನಗೆ ಗೊತ್ತಿದ್ದರೆ ಅದನ್ನೇ ಓದಿಕೋ.

ಗಂಟೆಗೆ ಓಡಬಾರದು ಎಂದು ನನ್ನನ್ನು ಎಲ್ಲಿಗೆ ಕಳಿಸಿದೆ, ಸ್ವಲ್ಪ ಯೋಚಿಸು. ಹಾಸ್ಟೆಲಿನಲ್ಲಿ ಏಳಲು ಒಂದು ಗಂಟೆ, ಸ್ನಾನಕ್ಕೆ ಒಂದು, ಉಣ್ಣಲು ಒಂದು, ದೀಪ ಆರಿಸಲು ಒಂದು. ದೀಪ ಆರಿದ ಮೇಲೆ ಅಳಬಾರದು, ಆದ್ದರಿಂದ ಅಳು ನಿಲ್ಲಿಸಲೂ ಅದೇ ಗಂಟೆ. ನಿನ್ನ ಅಡುಗೆಮನೆಯಲ್ಲಿ ಒಂದೇ ಇತ್ತು. ಅದು ಬಡಿದಾಗ ಪಕ್ಕದಲ್ಲಿ ನೀನಾದರೂ ಇರುತ್ತಿದ್ದೆ.

ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂದರೆ ಬರೆಯುವಾಗ ಪೆನ್ನು ಹಾಳೆಯನ್ನು ತೂತು ಮಾಡುತ್ತಿದೆ, ಹಿಂದೆ ತಿರುಗಿಸಿ ನೋಡು.

ನಾನು ಹದಿನೈದಕ್ಕೆ ಲಾಂಚು ಹತ್ತುತ್ತೇನೆ. ಬಂದು ಓಡುವುದಿಲ್ಲ, ಕೂತಿರುತ್ತೇನೆ. ನನ್ನ ಪುಸ್ತಕ ನನ್ನ ಕೈಯಲ್ಲಿರುತ್ತದೆ. ಬರಬಾರದು ಎಂದಿದ್ದರೆ ಕಡಲು, ಬಿಸಿಲು, ಟ್ಯಾಂಕು, ಮೀನು ಯಾವುದನ್ನೂ ಎಳೆದು ತರಬೇಡ. ‘ಬರಬೇಡ’ ಎಂದು ಬರಿ, ನಿನ್ನ ಕೈಯಾರೆ. ಹಾಗೆ ಬರೆದರೆ ಬರುವುದಿಲ್ಲ. ಜೂನ್‌ನಲ್ಲೂ ಬರುವುದಿಲ್ಲ.

ಮಗಳು


ಡಿಸೆಂಬರ್ 1

ಲಾಂಚು ಬರುವುದು ತಿಂಡಿಯ ಹೊತ್ತಿಗೆ. ಆಗ ನಾನು ಜೆಟ್ಟಿಗೆ ಬರಲು ಆಗುವುದಿಲ್ಲ. ಹಿಂದಿನ ಬಾಗಿಲಿನಿಂದ ಬಾ. ನನ್ನ ಮಂಚದಲ್ಲಿ ಮಲಗು, ಈ ತಿಂಗಳು ನಾನು ಅಡುಗೆಮನೆಯ ಬೆಂಚಿನಲ್ಲೇ ಮಲಗುವುದು. ಪತ್ರದಲ್ಲಿ ಆಡಿದ ಹಾಗೆ ಗಿರಾಕಿಗಳ ಎದುರಿಗೆ ಬಾಯಿ ಬಿಟ್ಟರೆ ಅದೇ ಲಾಂಚಿಗೆ ಹತ್ತಿಸುತ್ತೇನೆ.

ಅಮ್ಮ


ಜನವರಿ 2

ಅಮ್ಮ,

ಮೂಲೆ ಕೋಣೆಯವರು ನಿನಗೆ ಹೇಳಿದ್ದು ಅರ್ಧ. ಉಳಿದ ಅರ್ಧ ಕೇಳುವ ಮೊದಲೇ ನೀನು ಬೈದೆ, ನಾನು ಟ್ರಂಕು ಎತ್ತಿಕೊಂಡು ಲಾಂಚು ಹತ್ತಿದೆ. ಹಾಸ್ಟೆಲ್ ತೆರೆಯುವ ತನಕ ಜಿರಾಫೆಯ ಮನೆಯಲ್ಲಿದ್ದೇನೆ. ಅವಳ ಅಮ್ಮ ತುಂಬ ಒಳ್ಳೆಯವರು. ಅದೇ ಕಷ್ಟ.

ನೀನು ಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದೆ. ಗಂಟೆ ಬಡಿಯಿತು. ನಾನು ಬೆಂಚಿನಲ್ಲಿ ಕೂತು ಓದುತ್ತಿದ್ದೆ. ಮೊದಲ ಸದ್ದಿಗೇ ಎದ್ದು ನಿಂತುಬಿಟ್ಟಿದ್ದೆ, ನನಗೇ ಗೊತ್ತಿಲ್ಲದೆ. ಅದನ್ನು ನೋಡಿ ನನಗೇ ಹೆದರಿಕೆಯಾಯಿತು. ಬೆಂಚನ್ನು ಹಿಡಿದುಕೊಂಡು ಕೂತೆ. ಮತ್ತೆ ಬಡಿಯಿತು, ಕೂತೇ ಇದ್ದೆ. ಮೂಲೆ ಕೋಣೆಯವರು ಇಳಿದು ಬಂದರು.

“ಏನಮ್ಮಾ, ಕಿವಿ ಕೇಳ್ಸಲ್ವಾ? ಟವಲ್ ಬೇಕು.”

“ಕೇಳಿಸ್ತು ಸರ್. ಅಮ್ಮ ಮೇಲಿದ್ದಾರೆ, ಬರ್ತಾರೆ.”

“ಅಲ್ಲೇ ಇದೆಯಲ್ಲ ಕಪಾಟಿನಲ್ಲಿ. ನೀನೇ ಕೊಡು.”

“ನಾನು ಇಲ್ಲಿ ಕೆಲಸಕ್ಕಿಲ್ಲ ಸರ್. ಮಗಳು.”

“ಮಗಳಾದ್ರೆ ಒಂದು ಟವಲ್ ಎತ್ಕೊಡೋಕೆ ಆಗಲ್ವಾ?”

“ಆಗುತ್ತೆ. ಕೊಡಲ್ಲ.”

ಇಷ್ಟನ್ನು ಅವರು ನಿನಗೆ ಹೇಳಿದರು. ಆಮೇಲೆ ಅವರು ಹೋಗಲಿಲ್ಲ. ಎದುರಿನ ಸ್ಟೂಲಿನಲ್ಲಿ ಕೂತರು. ಏನು ಓದುತ್ತಿದ್ದೀಯ ಎಂದು ಕೇಳಿದರು. ಹೇಳಿದೆ. “ನನ್ನ ಮಗಳೂ ಫಸ್ಟ್ ಇಯರ್ರೇ. ಹೀಗೇ, ಬಾಯಿ ಜೋರು” ಎಂದರು. ಬೈದದ್ದೋ ಏನೋ ತಿಳಿಯಲಿಲ್ಲ. ಇಬ್ಬರೂ ನಿನಗಾಗಿ ಕಾಯುತ್ತಾ ಕೂತಿದ್ದೆವು. ಕಷ್ಟವೇನೂ ಆಗಲಿಲ್ಲ ಅವರಿಗೆ.

ಅಷ್ಟರಲ್ಲಿ ನೀನು ಇಳಿದು ಬಂದೆ. ಅವರು ದೂರು ಹೇಳಿದರು. ನೀನು ಅವರ ಎದುರಿಗೇ, “ಎರಡು ಹೆಜ್ಜೆ ಹಾಕೋಕೆ ನಿಂಗೇನು ರೋಗ ಬಂದಿತ್ತು?” ಎಂದೆ.

ಓಡಬಾರದು ಎಂದೇ ಅಲ್ಲವೇ ನನ್ನನ್ನು ಆ ಮನೆಯಿಂದ ಹೊರಗಿಟ್ಟದ್ದು? ಓಡಲಿಲ್ಲ. ಅದಕ್ಕೂ ಬೈದೆ. ನಿನಗೆ ಯಾವುದು ಬೇಕು, ತೀರ್ಮಾನ ಮಾಡಿ ಬರಿ. ಅಷ್ಟು ದೂರ ಬಂದು ನಾನು ಒಂದು ದಿನವೂ ಕಡಲಿಗೆ ಇಳಿಯಲಿಲ್ಲ ಎಂಬುದಾದರೂ ನಿನಗೆ ಗೊತ್ತಾಯಿತೇ?

ಮಗಳು


ಜನವರಿ 16

ಮಗಳೇ,

ಎರಡೂ ಬೇಕು. ನೀನು ಓಡಬಾರದು, ಗಿರಾಕಿಯೂ ಕಾಯಬಾರದು. ಎರಡೂ ಒಟ್ಟಿಗೆ ಆಗುವುದಿಲ್ಲ ಎಂದು ಗೊತ್ತಿದ್ದೇ ನಿನ್ನನ್ನು ಅಷ್ಟು ದೂರ ಇಟ್ಟದ್ದು. ಈಗ ನೀನೇ ಬಂದು ಅಡುಗೆಮನೆಯಲ್ಲಿ ಕೂತರೆ ನಾನು ಏನು ಮಾಡಲಿ? ಕೈಯಲ್ಲಿ ಒದ್ದೆ ಬಟ್ಟೆ, ಎದುರಿಗೆ ಗಿರಾಕಿಯ ಗಂಟುಮುಖ, ಬಾಯಿಗೆ ಬಂದದ್ದು ಬಂತು. ಆಮೇಲಾದರೂ ನೀನು ತಿರುಗಿ ಬೈಯಬಹುದಿತ್ತು. ತಿನ್ನದೆ ಹೋದೆ. ನಿನಗೆಂದು ಎತ್ತಿಟ್ಟದ್ದನ್ನು ಬೆಕ್ಕಿಗೆ ಹಾಕಿದೆ. ಹೋಗುವಾಗ ನೀಲಿ ಅಂಚಿನ ಟವಲ್ಲನ್ನೂ ಒಯ್ದಿದ್ದೀಯ, ಅದು ಮನೆಯದಲ್ಲ, ಗಿರಾಕಿಗಳದು. ತೊಳೆದು ಕಳಿಸು.

ನೀನು ಕಡಲಿಗೆ ಇಳಿಯಲಿಲ್ಲ ಎಂದು ನನಗೆ ಗೊತ್ತಾಯಿತು. ನಿನ್ನ ಚಪ್ಪಲಿಯಲ್ಲಿ ಮರಳು ಇರಲಿಲ್ಲ. ನೋಡಿದ್ದೆ.

ಮೂಲೆ ಕೋಣೆಯವನು ಹೊರಡುವಾಗ ಬರುವ ಡಿಸೆಂಬರಿಗೂ ಅದೇ ಕೋಣೆ ಬೇಕು ಎಂದ. ಆ ಕೋಣೆ ಇಲ್ಲ ಎಂದೆ. “ಯಾಕೆ, ರಿಪೇರಿನಾ?” ಎಂದ. “ಮಗಳು ಬರ್ತಾಳೆ” ಎಂದೆ. ಬಾಯಿ ತಪ್ಪಿ ಬಂದದ್ದಲ್ಲ. ನೀನು ಬರುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು, ನಾನಂತೂ ಹೇಳಿಯಾಗಿದೆ. ಬಂದರೂ ಜಗಳ ಆಡುತ್ತೇವೆ, ಅದರಲ್ಲಿ ಅನುಮಾನ ಬೇಡ.

ನೆನ್ನೆ ಮಧ್ಯಾಹ್ನ ಟೀ ಬಸಿದುಕೊಂಡು ಕೂತಿದ್ದೆ, ಗಂಟೆ ಬಡಿಯಿತು. ಲೋಟ ಕೆಳಗಿಡಲಿಲ್ಲ. ಮತ್ತೆ ಬಡಿಯಿತು. ಕುಡಿದು ಮುಗಿಸಿಯೇ ಎದ್ದೆ. ಈ ಮನೆಗೆ ಬೋರ್ಡು ಹಾಕಿದ ಮೇಲೆ ಸೀಸನ್ನಿನಲ್ಲಿ ಟೀಯನ್ನು ಬಿಸಿಯಾಗಿ ಕುಡಿದದ್ದು ಇದೇ ಮೊದಲು. ಸಕ್ಕರೆ ಬಹಳ ಜಾಸ್ತಿ ಹಾಕುತ್ತೇನೆ ನಾನು. ಗೊತ್ತೇ ಇರಲಿಲ್ಲ.

ಅಮ್ಮ